ಶಿವಾಜಿನಗರಕ್ಕೂ ಐದು ಚೀಟಿ, ಕೆ.ಆರ್. ಪುರಕ್ಕೂ ಐದೇ ಚೀಟಿ

ಮತ ಎಣಿಕೆಯ ದಿನ ಮಧ್ಯಾಹ್ನದ ಹೊತ್ತಿಗೆ ಯಾರು ಗೆದ್ದರು, ಯಾರು ಸೋತರು ಎಂಬುದು ಬಹುಮಟ್ಟಿಗೆ ಗೊತ್ತಾಗಿರುತ್ತದೆ. ಹೊರಗೆ ಪಟಾಕಿ, ಹಾರ, ಜೈಕಾರ ಶುರುವಾಗಿರುತ್ತದೆ. ಆದರೆ ಎಣಿಕೆ ಕೊಠಡಿಯ ಒಳಗೆ ಇನ್ನೂ ಒಂದು ಕೆಲಸ ಬಾಕಿ. ಅಧಿಕಾರಿಯ ಮುಂದೆ ಪೋಸ್ಟ್ ಕಾರ್ಡ್ ಅಳತೆಯ ಬಿಳಿ ಚೀಟಿಗಳ ರಾಶಿ ಇರುತ್ತದೆ. ಕ್ಷೇತ್ರದಲ್ಲಿ ಎಷ್ಟು ಮತಗಟ್ಟೆಗಳೋ ಅಷ್ಟೇ ಚೀಟಿಗಳು. ಒಂದೊಂದರ ಮೇಲೂ ಒಂದೊಂದು ಮತಗಟ್ಟೆಯ ಸಂಖ್ಯೆ, ದೂರದಿಂದಲೂ ಕಾಣುವಷ್ಟು ದಪ್ಪ ಅಂಕಿಗಳಲ್ಲಿ. ಅಭ್ಯರ್ಥಿಗಳ ಏಜೆಂಟರಿಗೆ ಅವನ್ನು ತೋರಿಸಿ, ನಾಲ್ಕು ಮಡಿಕೆ ಮಾಡಿ, ಡಬ್ಬಕ್ಕೆ ಹಾಕಿ ಕುಲುಕಿ, ಐದನ್ನು ಎತ್ತುತ್ತಾರೆ. ಆ ಐದು ಮತಗಟ್ಟೆಗಳ ವಿವಿಪ್ಯಾಟ್ ಯಂತ್ರದೊಳಗಿನ ಕಾಗದದ ಚೂರುಗಳನ್ನು ಬ್ಯಾಂಕಿನ ಕ್ಯಾಷಿಯರ್ ಗೂಡಿನಂಥ ಜಾಲರಿಯ ಕಟ್ಟೆಯೊಳಗೆ ಕೂತು ಕೈಯಿಂದ ಎಣಿಸಿ, ಮತಯಂತ್ರ ಹೇಳಿದ ಲೆಕ್ಕದೊಂದಿಗೆ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಕಾಗದದ ಲೆಕ್ಕವೇ ಅಂತಿಮ. ಅದು ಮುಗಿಯುವವರೆಗೆ ಫಲಿತಾಂಶವನ್ನು ಘೋಷಿಸುವಂತಿಲ್ಲ.

ದೂರವಾಣಿನಗರದ ಕಾರ್ಖಾನೆಯಿಂದ ನಿವೃತ್ತರಾಗಿ ಕೆ.ಆರ್. ಪುರದಲ್ಲೇ ಮನೆ ಕಟ್ಟಿಕೊಂಡಿರುವ ಹಿರಿಯರೊಬ್ಬರು ಒಮ್ಮೆ ಈ ವಿಷಯ ಬಂದಾಗ ಕೇಳಿದರು: 'ಶಿವಾಜಿನಗರದಲ್ಲಿ ಎರಡು ಲಕ್ಷ ಓಟು. ನಮ್ಮಲ್ಲಿ ಐದು ಲಕ್ಷ. ಅಲ್ಲಿಗೂ ಐದು ಚೀಟಿ, ಇಲ್ಲಿಗೂ ಐದೇ ಚೀಟಿ. ಇದ್ಯಾವ ನ್ಯಾಯ ಸಾರ್?'

ಅವರು ಹೇಳಿದ ಅಂಕಿ ಸುಮಾರಾಗಿ ಸರಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಎರಡು ಕ್ಷೇತ್ರಗಳ ಮತದಾರರ ಪಟ್ಟಿ ಹೆಚ್ಚುಕಡಿಮೆ ಹಾಗೆಯೇ ಇತ್ತು. ಪ್ರಶ್ನೆಯೂ ನ್ಯಾಯವಾದದ್ದೇ ಎನಿಸುತ್ತದೆ. ದೊಡ್ಡ ಊರಿಗೆ ದೊಡ್ಡ ಕೆರೆ, ದೊಡ್ಡ ಸಂಸಾರಕ್ಕೆ ದೊಡ್ಡ ಪಾತ್ರೆ ಎಂದೇ ನಾವು ಲೆಕ್ಕ ಹಾಕುವುದು. ಆದರೆ ಸಂಖ್ಯಾಶಾಸ್ತ್ರ ಇಲ್ಲಿ ನಮ್ಮ ಸಹಜ ಬುದ್ಧಿಗೆ ಅಡ್ಡ ಬರುತ್ತದೆ. ಹಿರಿಯರ ಅನುಮಾನ ಒಂದು ಅರ್ಥದಲ್ಲಿ ತಪ್ಪು. ಇನ್ನೊಂದು ಅರ್ಥದಲ್ಲಿ, ಅವರು ಅಂದುಕೊಂಡದ್ದಕ್ಕಿಂತ ಹೆಚ್ಚು ಸರಿ. ಎರಡನ್ನೂ ಬಿಡಿಸಿ ನೋಡಬೇಕಾದರೆ ಸ್ವಲ್ಪ ಸುತ್ತಿ ಬರಬೇಕು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎಂಬ ಮಾತು ಪ್ರತಿ ಮನೆಯಲ್ಲೂ ಇದೆ. ನಾಲ್ಕು ಜನರ ಪಾತ್ರೆಗೂ ಒಂದೆರಡು ಅಗುಳು, ಮದುವೆಮನೆಯ ಕೊಪ್ಪರಿಗೆಗೂ ಒಂದೆರಡು ಅಗುಳು. ಕೊಪ್ಪರಿಗೆ ದೊಡ್ಡದೆಂದು ಅಡುಗೆಭಟ್ಟರು ಒಂದು ಸೌಟು ಅನ್ನ ತಿಂದು ನೋಡುವುದಿಲ್ಲ. ಅವರು ಮಾಡುವುದು ಬೇರೆಯೇ: ಸೌಟು ಹಾಕಿ ತಳದಿಂದ ಒಮ್ಮೆ ತಿರುವುತ್ತಾರೆ. ಗಾದೆಯಲ್ಲಿ ಆ ತಿರುವುವ ಕೆಲಸದ ಪ್ರಸ್ತಾಪವಿಲ್ಲ; ಆದರೆ ಇಡೀ ಮಾತು ನಿಂತಿರುವುದು ಅದರ ಮೇಲೆಯೇ.

ಅನ್ನಕ್ಕೆ ಒಂದು ಅಗುಳು ಸಾಕಾಗುವುದು ಎಲ್ಲ ಅಗುಳೂ ಹೆಚ್ಚುಕಡಿಮೆ ಒಂದೇ ರೀತಿ ಬೇಯುವುದರಿಂದ. ಜನ ಹಾಗಲ್ಲ, ಮತಗಳೂ ಹಾಗಲ್ಲ. ಬೆರಕೆಯಾದ ವಸ್ತುವಿನಿಂದ ಸ್ವಲ್ಪವನ್ನು ತೆಗೆದರೆ ಏನಾಗುತ್ತದೆ ಎಂಬುದನ್ನು ಓದುಗರು ಮನೆಯಲ್ಲೇ ನೋಡಬಹುದು. ಒಂದು ದೊಡ್ಡ ಡಬ್ಬದಲ್ಲಿ ಕೆಂಪು ಹಲಸಂದೆ ನಾಲ್ಕು ಪಾವು, ಬಿಳಿ ಹಲಸಂದೆ ಆರು ಪಾವು ಹಾಕಿ ಚೆನ್ನಾಗಿ ಬೆರೆಸಿ. ಕಣ್ಣು ಮುಚ್ಚಿ ಹತ್ತು ಕಾಳು ತೆಗೆಯಿರಿ. ನಾಲ್ಕು ಕೆಂಪು ಬರಬೇಕಲ್ಲವೇ? ಬರಬಹುದು, ಆದರೆ ಮೂರೋ ಐದೋ ಬಂದರೂ ಆಶ್ಚರ್ಯವಿಲ್ಲ. ಬಂದ ಸಂಖ್ಯೆಯನ್ನು ಬರೆದುಕೊಂಡು, ಕಾಳನ್ನು ಮತ್ತೆ ಡಬ್ಬಕ್ಕೆ ಹಾಕಿ, ಕಲಸಿ, ಮತ್ತೆ ಹತ್ತು ತೆಗೆಯಿರಿ. ಹೀಗೆ ನೂರು ಸಲ. ಮಕ್ಕಳಿದ್ದರೆ ಅವರಿಗೆ ವಹಿಸಿ. ರಜೆಯ ಒಂದು ಮಧ್ಯಾಹ್ನ ಕಳೆಯುತ್ತದೆ.

ಕೊನೆಗೆ ಬರೆದಿಟ್ಟ ನೂರು ಸಂಖ್ಯೆಗಳನ್ನು ನೋಡಿದರೆ ಒಂದು ಕ್ರಮ ಕಾಣುತ್ತದೆ. ಸರಿಯಾಗಿ ನಾಲ್ಕೇ ಕೆಂಪು ಬಂದದ್ದು ಸುಮಾರು 25 ಸಲ ಮಾತ್ರ. ಮೂರು, ನಾಲ್ಕು, ಐದು ಸೇರಿಸಿದರೆ 67 ಸಲದ ಆಸುಪಾಸು. ಎರಡರಿಂದ ಆರರವರೆಗೆ ಹಿಡಿದರೆ 90. ಒಂದೂ ಕೆಂಪು ಬಾರದಿರುವುದು, ಅಥವಾ ಎಂಟಕ್ಕಿಂತ ಕಡಿಮೆಯಿಲ್ಲದೆ ಬರುವುದು, ನೂರಕ್ಕೆ ಒಂದೆರಡು ಸಲ. ಸಂಖ್ಯೆಗಳನ್ನು ಕಂಬಗಳಾಗಿ ಬರೆದರೆ ನಡುವೆ ಎತ್ತರ, ಎರಡೂ ಕಡೆ ಇಳಿಜಾರು: ಒಂದು ಪುಟ್ಟ ಗುಡ್ಡ. ಸಂಖ್ಯಾಶಾಸ್ತ್ರದ ಪಠ್ಯಗಳಲ್ಲಿ ವಿದ್ಯಾರ್ಥಿಗಳನ್ನು ಬೆದರಿಸುವ 'ಮಾದರಿ ವಿತರಣೆ' ಎಂಬುದು ಈ ಗುಡ್ಡವೇ, ಬೇರೇನೂ ಅಲ್ಲ. ಅದು ಡಬ್ಬದಲ್ಲಿರುವ ಕಾಳುಗಳ ಚಿತ್ರವಲ್ಲ, ಕೈಗೆ ಬಂದ ಹತ್ತು ಕಾಳುಗಳ ಚಿತ್ರವೂ ಅಲ್ಲ. ಮತ್ತೆ ಮತ್ತೆ ತೆಗೆದರೆ ಏನೇನು ಬರಬಹುದಿತ್ತು ಎಂಬುದರ ಚಿತ್ರ. ಪರೀಕ್ಷೆಯಲ್ಲಿ ಹುಡುಗರು ತಪ್ಪುವುದು ಬಹುತೇಕ ಇಲ್ಲಿಯೇ. ಈ ಮೂರನ್ನೂ ಒಂದಕ್ಕೊಂದು ಕಲಸಿಬಿಡುತ್ತಾರೆ.

ಇನ್ನು 'ಮಾದರಿ ದೋಷ'. ದೋಷ ಎಂಬ ಪದವೇ ದಾರಿ ತಪ್ಪಿಸುತ್ತದೆ. ಮೂರು ಕಾಳು ಬಂದಾಗ ಎಣಿಸಿದವರು ತಪ್ಪು ಮಾಡಿದ್ದಾರೆಯೇ? ಇಲ್ಲ. ಯಂತ್ರ ಕೆಟ್ಟಿತೇ? ಅದೂ ಇಲ್ಲ. ಇಡೀ ಡಬ್ಬವನ್ನು ಎಣಿಸದೆ ಅದರ ಒಂದು ಭಾಗವನ್ನಷ್ಟೇ ನೋಡಿದ್ದಕ್ಕೆ ತೆರಬೇಕಾದ ಸುಂಕ ಅದು. ಸುಂಕ ಎಷ್ಟೆಂದು ಮೊದಲೇ ಲೆಕ್ಕ ಹಾಕಬಹುದು ಎಂಬುದೇ ಈ ಶಾಸ್ತ್ರದ ಹೆಚ್ಚುಗಾರಿಕೆ.

ಹಲಸಂದೆಯಿಂದ ಊರಿಗೆ ಬರೋಣ. ಬೆಂಗಳೂರಿನ ಪೂರ್ವ ಭಾಗದ ಬಗ್ಗೆ ಹಳೆಯದೊಂದು ವಾದವಿದೆ: ಕಂಟೋನ್ಮೆಂಟಿನಲ್ಲಿ ಕನ್ನಡ ಎಷ್ಟು? 1809ರಲ್ಲಿ ಬ್ರಿಟಿಷರು ದಂಡನ್ನು ಹಲಸೂರಿನ ಪಕ್ಕಕ್ಕೆ ತಂದಂದಿನಿಂದ 1947ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಮರಳುವವರೆಗೆ, ಬಲುಕಾಲ ಬೇರೆಯದೇ ಆಡಳಿತದಲ್ಲಿದ್ದ ಊರು ಅದು. ವಾದಕ್ಕೆ ಇಳಿಯುವವರೆಲ್ಲ ತಮ್ಮ ಕಿವಿಯನ್ನೇ ಸಾಕ್ಷಿಗೆ ಕರೆಯುತ್ತಾರೆ. ರಸೆಲ್ ಮಾರುಕಟ್ಟೆಯಲ್ಲಿ ಹಣ್ಣು ಕೊಂಡವರಿಗೆ ದಖನಿ ಉರ್ದು ಕೇಳಿಸಿರುತ್ತದೆ, ಹಲಸೂರಿನ ಸೋಮೇಶ್ವರ ದೇವಾಲಯದ ಬೀದಿಯಲ್ಲಿ ನಡೆದವರಿಗೆ ತಮಿಳು, ಇಂದಿರಾನಗರದ ನೂರಡಿ ರಸ್ತೆಯಲ್ಲಿ ಸಂಜೆ ಕಳೆದವರಿಗೆ ಇಂಗ್ಲಿಷು, ಹಿಂದಿ, ಕೆ.ಆರ್. ಪುರದ ಸಂತೆಗೆ ಹೋದವರಿಗೆ ಕನ್ನಡ, ತೆಲುಗು. ಒಬ್ಬೊಬ್ಬರೂ ತಮ್ಮ ನಡಿಗೆಯನ್ನೇ ಊರೆಂದು ತಿಳಿದಿರುತ್ತಾರೆ.

ಈ ವಾದವನ್ನು ಸರಿಯಾಗಿ ತೀರಿಸಬೇಕೆಂದರೆ ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ಎಲ್ಲ ಮನೆಗಳ ಪಟ್ಟಿ ಬೇಕು. ಆ ಪಟ್ಟಿಯಿಂದ ಚೀಟಿ ಎತ್ತಿ ಮನೆ ಆರಿಸಬೇಕು. ನಿಜವಾದ ಪ್ರಮಾಣ ನೂರಕ್ಕೆ 40 ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ನೂರು ಮನೆ ಆರಿಸಿ ಕೇಳಿದರೆ ಉತ್ತರ ಬಹುತೇಕ 30ರಿಂದ 50ರ ನಡುವೆ ಎಲ್ಲಾದರೂ ಬೀಳುತ್ತದೆ. 'ಬಹುತೇಕ' ಎಂದರೆ ಇಂಥ ನೂರು ಸಮೀಕ್ಷೆಗಳಲ್ಲಿ 95ರಲ್ಲಿ. ನಾನೂರು ಮನೆ ಕೇಳಿದರೆ 35ರಿಂದ 45. ಸಾವಿರದ ಆರುನೂರು ಕೇಳಿದರೆ ಮೂವತ್ತೇಳೂವರೆಯಿಂದ ನಲವತ್ತೆರಡೂವರೆ. ಗುಡ್ಡ ಕಿರಿದಾಗುತ್ತ ಬರುತ್ತದೆ, ಆದರೆ ನಿಧಾನವಾಗಿ. ದುಡಿಮೆ ನಾಲ್ಕು ಪಟ್ಟಾದರೆ ಅನಿಶ್ಚಯ ಅರ್ಧವಾಗುತ್ತದೆ, ಅಷ್ಟೆ. ಚುನಾವಣಾ ಸಮೀಕ್ಷೆಗಳ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ 'ಶೇ. 3ರಷ್ಟು ಹೆಚ್ಚುಕಡಿಮೆ' ಎಂದಿರುತ್ತದೆಯಲ್ಲ, ಅದು ಸಾವಿರದಷ್ಟು ಜನರನ್ನು ಕೇಳಿದ್ದಕ್ಕೆ ಬರುವ ಸುಂಕ. ಎರಡು ಪಕ್ಷಗಳ ನಡುವೆ ಶೇ. 2ರ ಅಂತರ ತೋರಿಸಿ, ಒಂದು ಮುಂದಿದೆ ಎಂದು ಚರ್ಚೆಗೆ ಕೂರುವವರು ಆ ಸಣ್ಣ ಅಕ್ಷರವನ್ನು ಓದಿರುವುದಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಈ ಲೆಕ್ಕದಲ್ಲಿ ಊರಿನಲ್ಲಿ ಒಟ್ಟು ಎಷ್ಟು ಮನೆಗಳಿವೆ ಎಂದು ನಾವು ಕೇಳಲೇ ಇಲ್ಲ. ಎರಡು ಲಕ್ಷವೋ, ಇಪ್ಪತ್ತು ಲಕ್ಷವೋ, ಉತ್ತರ ಹೆಚ್ಚುಕಡಿಮೆ ಅದೇ. ಕೇಳಿದವರ ಸಂಖ್ಯೆ ಮುಖ್ಯ. ಕೇಳದೆ ಬಿಟ್ಟವರ ಸಂಖ್ಯೆಯಲ್ಲ. ಅಡುಗೆಭಟ್ಟರಿಗೆ ಇದು ಗೊತ್ತು. ನಮಗೆ ನಂಬಲು ಕಷ್ಟ.

ಆದರೆ ತಿರುವದ ಕೊಪ್ಪರಿಗೆಯ ವಿಷಯ? ರಸೆಲ್ ಮಾರುಕಟ್ಟೆಯ ಬಾಗಿಲಲ್ಲಿ ನಿಂತು ಹತ್ತು ಸಾವಿರ ಜನರನ್ನು ಕೇಳಿದರೂ ಸಿಗುವುದು ರಸೆಲ್ ಮಾರುಕಟ್ಟೆಯ ಉತ್ತರವೇ. ಹೆಚ್ಚು ಕೇಳಿದಷ್ಟೂ ತಪ್ಪು ಉತ್ತರ ಹೆಚ್ಚು ಗಟ್ಟಿಯಾಗುತ್ತದೆ. ಇದು ಮಾದರಿ ದೋಷವಲ್ಲ, ಆರಿಸುವುದರಲ್ಲೇ ಇರುವ ಓಲು. ಯಾವ ಸೂತ್ರವೂ ಅದನ್ನು ಅಳೆದು ಹೇಳಲಾರದು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಮಂದಿಗೆ ಕಾರ್ಡು ಕಳುಹಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ರೂಸ್‌ವೆಲ್ಟ್ ಸೋಲುತ್ತಾರೆಂದು ಸಾರಿತು. ಅವರು ಗೆದ್ದರು, ಅದೂ ಭಾರಿ ಅಂತರದಲ್ಲಿ. ಕಾರ್ಡಿನ ವಿಳಾಸಗಳು ಮುಖ್ಯವಾಗಿ ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ಬಂದವು. ಉತ್ತರಿಸುವ ತಾಳ್ಮೆ ತೋರಿದವರೂ ಒಂದು ಬಗೆಯವರೇ.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಹೊಲಕ್ಕೆ ಇಳಿಸಿದವರು ಪ್ರಶಾಂತ ಚಂದ್ರ ಮಹಲನೋಬಿಸ್. 1931ರಲ್ಲಿ ಕಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಅವರು ಆ ದಶಕದ ಕೊನೆಗೆ ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿಯಿಂದ ಅಳೆಯಲು ಹೊರಟರು. ಅಷ್ಟು ದೊಡ್ಡ ಪ್ರಾಂತದ ಬೆಳೆಯನ್ನು ಕೆಲವೇ ತುಂಡು ನೆಲ ನೋಡಿ ಹೇಳುವುದೆಂದರೆ ಯಾರು ನಂಬುತ್ತಾರೆ? ಅದಕ್ಕೆ ಅವರು ಕಂಡುಕೊಂಡ ಉಪಾಯ ಸೊಗಸಾಗಿದೆ. ಒಂದೇ ಸೀಮೆಗೆ ಎರಡು ಬೇರೆ ಬೇರೆ ಮಾದರಿಗಳನ್ನು ಎತ್ತಿ, ಎರಡು ಬೇರೆ ತಂಡಗಳಿಗೆ ಕೊಡುವುದು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯದು. ಕೊನೆಗೆ ಎರಡೂ ಉತ್ತರ ಪಕ್ಕಪಕ್ಕ ಇಟ್ಟರೆ ಅವುಗಳ ನಡುವಿನ ಅಂತರವೇ ಸುಂಕದ ಅಳತೆಯನ್ನು ಹೇಳುತ್ತದೆ. ಅಂತರ ಸೂತ್ರ ಹೇಳುವುದಕ್ಕಿಂತ ವಿಪರೀತ ದೊಡ್ಡದಾಗಿದ್ದರೆ, ತಂಡಗಳಲ್ಲೊಂದು ಮರದ ನೆರಳಲ್ಲಿ ಕೂತು ಅಂಕಿ ಬರೆದಿದೆಯೇ ಎಂದು ವಿಚಾರಿಸಬೇಕು! ನಾವು ಹಲಸಂದೆಯಲ್ಲಿ ನೂರು ಸಲ ಮಾಡಿದ್ದನ್ನು ಅವರು ಗದ್ದೆಯಲ್ಲಿ ಎರಡು ಸಲ ಮಾಡಿದರು. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಿಂದೆಯೂ ಅವರೇ ಇದ್ದರು.

ಅದೇ ಸಂಸ್ಥೆಗೆ 1941ರಲ್ಲಿ ಹೋಗಿ ಸೇರಿದ ತರುಣರೊಬ್ಬರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು: ಸಿ.ಆರ್. ರಾವ್. 1920ರಲ್ಲಿ ಜನಿಸಿ, 2023ರ ಆಗಸ್ಟಿನಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಸಂದಿತ್ತು. ಕಲ್ಕತ್ತದ ತರಗತಿಯೊಂದರಲ್ಲಿ ಅವರು ಪಾಠ ಮಾಡುತ್ತಿದ್ದಾಗ, ದೊಡ್ಡ ಮಾದರಿಗೆ ಹೇಳಿದ ಫಲಿತವನ್ನು ಸಣ್ಣ ಮಾದರಿಗೂ ಸಾಧಿಸಬಹುದೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದನಂತೆ. ಆ ವಿದ್ಯಾರ್ಥಿ ಮುಂದೆ ಅರ್ಥಶಾಸ್ತ್ರಜ್ಞರಾಗಿ ಹೆಸರಾದ ವಿ.ಎಂ. ದಾಂಡೇಕರ್. ರಾವ್ ರಾತ್ರಿ ಕೂತು ಲೆಕ್ಕ ಬಿಡಿಸಿದರು. 1945ರಲ್ಲಿ ಪ್ರಕಟವಾದ ಅದು ಇಂದು ಕ್ರಾಮೇರ್-ರಾವ್ ಮಿತಿ ಎಂದು ಪ್ರಪಂಚದ ಪಠ್ಯಗಳಲ್ಲೆಲ್ಲ ಇದೆ. ಓಲು ಇಲ್ಲದ ಅಂದಾಜು ಎಷ್ಟೇ ಜಾಣತನದಿಂದ ಮಾಡಿದರೂ ಅದರ ಗುಡ್ಡವನ್ನು ಇಂತಿಷ್ಟಕ್ಕಿಂತ ಕಿರಿದು ಮಾಡಲಾಗದು ಎಂಬುದು ಅದರ ತಾತ್ಪರ್ಯ. ಸುಂಕಕ್ಕೂ ಒಂದು ಕನಿಷ್ಠ ದರವಿದೆ ಎಂದ ಹಾಗೆ.

ಈಗ ಐದು ಚೀಟಿಗಳ ಬಳಿಗೆ ಮರಳಬಹುದು. ಕರ್ನಾಟಕದಲ್ಲಿ 2018ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಕ್ಷೇತ್ರಕ್ಕೆ ಒಂದೇ ಮತಗಟ್ಟೆಯ ಕಾಗದವನ್ನು ತಾಳೆ ನೋಡುತ್ತಿದ್ದರು. 2019ರ ಲೋಕಸಭಾ ಚುನಾವಣೆಗೆ ಮುಂಚೆ 21 ವಿರೋಧ ಪಕ್ಷಗಳ ನಾಯಕರು ಸುಪ್ರೀಂ ಕೋರ್ಟಿಗೆ ಹೋಗಿ, ಅರ್ಧದಷ್ಟು ಮತಗಟ್ಟೆಗಳ ಕಾಗದ ಎಣಿಸಬೇಕೆಂದು ಕೇಳಿದರು. ಚುನಾವಣಾ ಆಯೋಗ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಭಯ್ ಭಟ್ ನೇತೃತ್ವದ ಸಮಿತಿಯ ವರದಿಯನ್ನು ಮುಂದಿಟ್ಟಿತು. ದೇಶದ 10.35 ಲಕ್ಷ ಯಂತ್ರಗಳಲ್ಲಿ ಬರೀ 479ನ್ನು ಚೀಟಿ ಎತ್ತಿ ನೋಡಿ, ಒಂದರಲ್ಲೂ ತಪ್ಪು ಸಿಗದಿದ್ದರೆ, ದೋಷವುಳ್ಳ ಯಂತ್ರಗಳು ನೂರಕ್ಕೆ ಎರಡಕ್ಕಿಂತ ಕಡಿಮೆ ಎಂದು ಶೇ. 99.9936ರಷ್ಟು ಭರವಸೆಯಿಂದ ಹೇಳಬಹುದು ಎಂದಿತ್ತು ಆ ವರದಿ.

ಹತ್ತು ಲಕ್ಷಕ್ಕೆ ನಾನೂರು ಚಿಲ್ಲರೆ! ಓದಿದವರು ಹುಬ್ಬೇರಿಸಿದರು. ಆದರೆ ಲೆಕ್ಕ ಸರಿ. ಮನೆಯ ಕ್ಯಾಲ್ಕುಲೇಟರಿನಲ್ಲೇ ನೋಡಬಹುದು. ನೂರಕ್ಕೆ ಎರಡು ಯಂತ್ರ ಕೆಟ್ಟಿದ್ದರೆ, ಎತ್ತಿದ ಒಂದು ಯಂತ್ರ ಸರಿಯಾಗಿರುವ ಸಂಭವ 0.98. ಎರಡೂ ಸರಿಯಾಗಿರುವ ಸಂಭವ 0.98ನ್ನು 0.98ರಿಂದ ಗುಣಿಸಿದಷ್ಟು. ಹೀಗೆ 479 ಸಲ ಗುಣಿಸಿದರೆ ಉಳಿಯುವುದು ಸುಮಾರು 0.00006. ಅಂದರೆ ಕೆಟ್ಟ ಯಂತ್ರಗಳೆಲ್ಲ ನಮ್ಮ ಕಣ್ಣು ತಪ್ಪಿಸಿಕೊಳ್ಳುವುದು ಹದಿನಾರು ಸಾವಿರ ಸಲಕ್ಕೆ ಒಮ್ಮೆ. 10.35 ಲಕ್ಷ ಎಂಬ ಸಂಖ್ಯೆ ಈ ಗುಣಾಕಾರದಲ್ಲಿ ಎಲ್ಲಿಯೂ ಬರಲಿಲ್ಲ.

2019ರ ಏಪ್ರಿಲ್ 8ರಂದು ನ್ಯಾಯಾಲಯ ಅರ್ಧ ಎಂಬ ಬೇಡಿಕೆಯನ್ನು ಒಪ್ಪದೆ, ಒಂದನ್ನು ಐದಕ್ಕೆ ಏರಿಸಿತು. ದೇಶದಾದ್ಯಂತ ಎಣಿಸಬೇಕಾದ ಯಂತ್ರಗಳು 4,125ರಿಂದ 20,625ಕ್ಕೆ ಏರಿದವು. ಜನರ ಮನಸ್ಸಿಗೆ ಸಮಾಧಾನವಾಗಬೇಕು ಎಂಬುದೇ ಅಲ್ಲಿ ಮುಖ್ಯ ಕಾರಣವಾಗಿತ್ತು. ಐದು ಎಂಬುದು ಯಾವ ಸೂತ್ರದಿಂದಲೂ ಬಂದದ್ದಲ್ಲ.

ಕೆ.ಆರ್. ಪುರದ ಹಿರಿಯರ ಪ್ರಶ್ನೆಗೆ ಈ ಐದನ್ನು ಹಚ್ಚಿ ನೋಡೋಣ. ಸಣ್ಣ ಕ್ಷೇತ್ರದಲ್ಲಿ 200 ಮತಗಟ್ಟೆ, ಅದರಲ್ಲಿ ನಾಲ್ಕರಲ್ಲಿ ತಪ್ಪು ಎಂದು ಊಹಿಸಿಕೊಳ್ಳಿ. ದೊಡ್ಡದರಲ್ಲಿ 500 ಮತಗಟ್ಟೆ, ಹತ್ತರಲ್ಲಿ ತಪ್ಪು. ಎರಡರಲ್ಲೂ ನೂರಕ್ಕೆ ಎರಡೇ. ಐದು ಚೀಟಿ ಎತ್ತಿದಾಗ ಒಂದೂ ತಪ್ಪು ಸಿಗದಿರುವ ಸಂಭವ ಮೊದಲನೆಯದರಲ್ಲಿ ನೂರಕ್ಕೆ 90.3, ಎರಡನೆಯದರಲ್ಲಿ 90.4. ವ್ಯತ್ಯಾಸ ಕೂದಲೆಳೆಯಷ್ಟು. ಹಾಗಾಗಿ ಶಿವಾಜಿನಗರಕ್ಕೆ ಹೋಲಿಸಿದರೆ ಕೆ.ಆರ್. ಪುರಕ್ಕೆ ಯಾವ ಅನ್ಯಾಯವೂ ಆಗಿಲ್ಲ.

ಆದರೆ ಆ 90ನ್ನು ಇನ್ನೊಮ್ಮೆ ನೋಡಿ. ಹತ್ತು ಮತಗಟ್ಟೆಗಳಲ್ಲಿ ಎಡವಟ್ಟಾಗಿದ್ದರೂ ಐದು ಚೀಟಿಯ ತಪಾಸಣೆ ಅದನ್ನು ಹತ್ತರಲ್ಲಿ ಒಂಬತ್ತು ಸಲ ಕಾಣದೆ ಬಿಡುತ್ತದೆ. ರಾಜ್ಯದ 224 ಕ್ಷೇತ್ರಗಳನ್ನು ಒಂದೇ ಕೊಪ್ಪರಿಗೆ ಎಂದು ತಿಳಿದರೆ ಐದೈದರಂತೆ 1,120 ಚೀಟಿಗಳು. ಎಲ್ಲೆಡೆ ಹರಡಿದ ದೋಷ ಅವುಗಳಿಂದ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಪ್ರತಿ ಕ್ಷೇತ್ರವನ್ನೂ ಒಂದೊಂದು ಪಾತ್ರೆ ಎಂದು ಬಗೆದರೆ, ಪ್ರತಿ ಪಾತ್ರೆಗೂ ಐದೇ ಅಗುಳು. ಸಮಿತಿಯ 479 ಉತ್ತರಿಸಿದ್ದು ದೇಶದ ಯಂತ್ರಗಳು ಒಟ್ಟಾರೆ ಹೇಗಿವೆ ಎಂಬ ಪ್ರಶ್ನೆಯನ್ನು. ಮತದಾರ ಕೇಳುವುದು ನನ್ನ ಶಾಸಕ ನಿಜವಾಗಿ ಗೆದ್ದವನೇ ಎಂದು. ಎರಡೂ ಬೇರೆ ಬೇರೆ ಪ್ರಶ್ನೆಗಳು. ಈ ವಿವಾದದಲ್ಲಿ ಎರಡು ಕಡೆಯವರೂ ಅಂಕಿಗಳನ್ನು ಬೀಸಿದರೇ ಹೊರತು, ಯಾವ ಪಾತ್ರೆಯ ಅನ್ನದ ಮಾತು ಎಂಬುದನ್ನು ಬಿಡಿಸಿ ಹೇಳಿದವರು ಕಡಿಮೆ ಎಂದು ನನ್ನ ಅನಿಸಿಕೆ.

ಒಂದು ಕ್ಷೇತ್ರದ ಲೆಕ್ಕ ಎಷ್ಟು ನವಿರಾಗಿರಬಹುದು ಎಂಬುದು ಕನ್ನಡಿಗರಿಗೆ ಹೊಸದಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ. 2023ರಲ್ಲಿ ಜಯನಗರದ ಮರುಎಣಿಕೆ ಮುಗಿದಾಗ ಅಂತರ 16 ಮತ. ಇಂಥ ಕಡೆ ಒಂದೇ ಮತಗಟ್ಟೆಯ ತಪ್ಪು ಶಾಸಕರನ್ನೇ ಬದಲಿಸಬಲ್ಲದು, ಆ ಒಂದನ್ನು ಐದು ಚೀಟಿಗಳು ಹಿಡಿಯುವ ಸಂಭವವಂತೂ ತೀರ ಕಡಿಮೆ. ಐವತ್ತು ಸಾವಿರದ ಅಂತರವಿದ್ದರೆ ಕತೆ ಬೇರೆ. ಅಷ್ಟನ್ನು ಬುಡಮೇಲು ಮಾಡಬೇಕಾದರೆ ಹಲವಾರು ಮತಗಟ್ಟೆಗಳಲ್ಲಿ ತಪ್ಪಾಗಿರಬೇಕು, ಅದು ಐದು ಚೀಟಿಗೂ ಸಿಕ್ಕಿಬೀಳುವ ಸಂಭವ ಬಹಳ ಹೆಚ್ಚುತ್ತದೆ. ಅಂತರ ಕಿರಿದಾದಷ್ಟೂ ಹೆಚ್ಚು ಕಾಗದ ಎಣಿಸುವುದು, ಹಿರಿದಾದರೆ ಸ್ವಲ್ಪಕ್ಕೇ ನಿಲ್ಲಿಸುವುದು ಎಂಬ ಪದ್ಧತಿಯನ್ನು ಅಮೆರಿಕದ ಕೊಲರಾಡೋ ರಾಜ್ಯ 2017ರಿಂದ ಅನುಸರಿಸುತ್ತಿದೆ. ನಮ್ಮಲ್ಲಿ ಹಾಗಿಲ್ಲ. 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ಕಾಗದವನ್ನೂ ಎಣಿಸಬೇಕೆಂಬ ಕೋರಿಕೆಯನ್ನು ತಳ್ಳಿಹಾಕಿತು. ಎರಡನೆಯ ಮತ್ತು ಮೂರನೆಯ ಸ್ಥಾನ ಪಡೆದವರು ಕೇಳಿದರೆ ಶೇ. 5ರಷ್ಟು ಯಂತ್ರಗಳ ಒಳಭಾಗವನ್ನು ಪರೀಕ್ಷಿಸಲು ಅವಕಾಶ ಕೊಟ್ಟಿತು. ಐದು ಚೀಟಿ ಐದಾಗಿಯೇ ಉಳಿಯಿತು.

ಇದನ್ನೆಲ್ಲ ಕೆ.ಆರ್. ಪುರದ ಹಿರಿಯರಿಗೆ ಹೇಳಿದೆ. ಹಲಸಂದೆಯ ಪ್ರಯೋಗ ಅವರಿಗೆ ಬಹಳ ಹಿಡಿಸಿತು. ಕಾರ್ಖಾನೆಯಲ್ಲಿ ಪೆಟ್ಟಿಗೆಗೆ ನಾಲ್ಕು ರಿಲೇ ತೆಗೆದು ನೋಡುತ್ತಿದ್ದ ದಿನಗಳು ನೆನಪಾದವೆಂದರು. 'ನಾವು ಮೇಲಿನ ನಾಲ್ಕನ್ನು ತೆಗೀತಿರಲಿಲ್ಲ ಸಾರ್, ಕೆಳಗಿನಿಂದ, ಮೂಲೆಯಿಂದ ತೆಗೀತಿದ್ವಿ. ಪ್ಯಾಕ್ ಮಾಡೋರು ಒಳ್ಳೇದನ್ನೇ ಮೇಲಿಟ್ಟಿರ್ತಾರೆ.' ಮುಂದಿನ ಚುನಾವಣೆಯಲ್ಲಿ ಯಾರದಾದರೂ ಪರವಾಗಿ ಎಣಿಕೆ ಏಜೆಂಟರಾಗಿ ಒಳಗೆ ಹೋಗುವ ಆಸೆ ಅವರಿಗಿದೆ. ಪಕ್ಷ ಯಾವುದಾದರೂ ಆಗಲಿ, ಡಬ್ಬದೊಳಗಿನ ಚೀಟಿಗಳನ್ನು ಮೊದಲು ಎಣಿಸಿಕೊಳ್ಳುತ್ತಾರಂತೆ, ಆಮೇಲೆ ಸರಿಯಾಗಿ ಕುಲುಕಿದರೇ ಎಂದು ನೋಡುತ್ತಾರಂತೆ.